ಕೆ. ಹೊಸಕೋಟೆಯ ದಿಗಿಲು

ಇಲ್ಲಿ ಎದುರು ಮನೆ ಕಾಣಬೇಕಾದರೆ ಬೆಳಗಿನ ಒಂಬತ್ತು ಗಂಟೆಯಾಗಬೇಕು. ಅಷ್ಟು ಮಂಜು. ನಮ್ಮ ಸಿಂದಗಿಯ ಬಯಲಲ್ಲಿ ಪಕ್ಕದೂರಿನ ಬೇವಿನ ಮರಗಳನ್ನೂ ಕಂಡು ಬೆಳೆದವಳು ನಾನು. ಶಾಲೆಯ ಕೆಲಸಕ್ಕೆಂದು ಹಾಸನ ಜಿಲ್ಲೆಯ ಕೆ. ಹೊಸಕೋಟೆಗೆ ಬಂದ ಮೊದಲ ಬೆಳಗ್ಗೆ ಬಾಗಿಲು ತೆಗೆದು, ಹಾಗೇ ಮುಚ್ಚಿಬಿಟ್ಟೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಾಡಿಗೆಗೆ ಕೋಣೆ ಕೊಟ್ಟ ಗೌರಮ್ಮನವರಿಗೆ ಒಂದಿಷ್ಟು ಕಾಫಿ ತೋಟವಿತ್ತು. ಅವರೂ ನಮ್ಮಂತೆ ಲಿಂಗ ಕಟ್ಟಿದವರು, ಮಾತೂ ಕನ್ನಡವೇ. ಆದರೂ ನಾನು ‘ಐತ್ರಿ’ ಅಂದರೆ ಶಾಲೆಯ ಮಕ್ಕಳು ನಗುತ್ತಿದ್ದರು. ಯಾರೋ ಹೊರಟದ್ದಕ್ಕೆ ಇಲ್ಲಿಯವರು ‘ಹೋಗ್ಬುಟ್ಟ’ ಅಂದರೆ ಯಾರು ತೀರಿಕೊಂಡರೋ ಎಂದು ನಾನು ಬೆಚ್ಚುತ್ತಿದ್ದೆ. ಅಲ್ಲಿ ಚಹಾ, ಜೋಳದ ರೊಟ್ಟಿ. ಇಲ್ಲಿ ಅಕ್ಕಿರೊಟ್ಟಿ, ಯಾರ ಮನೆಗೆ ಹೋದರೂ ಕಾಫಿ. ಬೇಡವೆನ್ನಲು ಸಂಕೋಚ.

ದೀಪಾವಳಿ ಹೊತ್ತಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿ ಬರುತ್ತಿದ್ದೆ. ಹಾಜರಿ ಕೂಗುವಾಗ ದನಿ ಸಿಕ್ಕಿಕೊಳ್ಳುತ್ತಿತ್ತು. ಒಮ್ಮೆ ತಾಲ್ಲೂಕು ಕೇಂದ್ರ ಆಲೂರಿಗೆ ಹೋಗುವ ಬಸ್ಸಿನಲ್ಲಿ ಕೈ ಬೆವರಿ, ಉಸಿರು ಸಿಗದೆ, ನಡುದಾರಿಯಲ್ಲೇ ಇಳಿದುಬಿಟ್ಟೆ. ಹೃದಯದ ಕಾಯಿಲೆಯೇ ಎಂದು ಖಾತ್ರಿ ಮಾಡಿಕೊಂಡೆ. ಊರಿಗೆ ಫೋನ್ ಮಾಡಿದಾಗ ಮಾತ್ರ ‘ಆರಾಮದೀನಿ’ ಅಂದೆ.

“ಏನ್ ಮೇಡಮ್ಮೋರೆ, ಬೀಗ ಎಳ್ದೆಳ್ದು ನೋಡ್ತೀರಲ್ಲ, ಏನಾಗೈತೆ?” ಎಂದರು ಗೌರಮ್ಮ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

“ದಿಗ್ಲು ಕಣ್ರೀ ಅದು. ನಮ್ಮನೆಯೋರು ತೀರ್ಕಂಡಾಗ ನಂಗೂ ಹಿಂಗೇ ಆಗಿತ್ತು. ನಡೀರಿ, ಡಾಕ್ಟ್ರಿಗೆ ತೋರ್ಸನ.” ನಾವು ಅಂಜಿಕಿ ಅನ್ನುವುದಕ್ಕೆ ಅವರು ದಿಗಿಲು ಅನ್ನುತ್ತಾರೆ.

ಆಲೂರಿನ ಡಾಕ್ಟರು ಪರೀಕ್ಷೆ ಮಾಡಿ, “ಹೃದಯ ಚೆನ್ನಾಗಿದೆ. ಇದು ಆತಂಕ. ಹಾಗಂತ ಸುಳ್ಳಲ್ಲ, ನಿಮಗೆ ಆಗ್ತಿರೋದು ನಿಜ. ಕಾಫಿ ಕಡಿಮೆ ಮಾಡಿ. ಅದು ಬಂದಾಗ ಓಡ್ಬೇಡಿ, ಉಸಿರು ನಿಧಾನಕ್ಕೆ ಬಿಡಿ. ಕಮ್ಮಿಯಾಗದಿದ್ರೆ ಹಾಸನಕ್ಕೆ, ಮಾನಸಿಕ ತಜ್ಞರ ಹತ್ರ ಕಳಿಸ್ತೀನಿ” ಎಂದರು.

ಕಾಫಿ ಬಿಟ್ಟೆ. ಸಂಜೆ ಗೌರಮ್ಮನವರ ಜೊತೆ ನಡೆಯತೊಡಗಿದೆ. ಒಂದು ದಿನ ಬಸ್ಸಿನಲ್ಲಿ ಎದೆ ಹಾರಿದರೂ ಇಳಿಯದೆ ಆಲೂರಿನ ತನಕ ಕೂತೆ; ಸಂತೆಯಿಂದ ಬದನೆಕಾಯಿ ತಂದು ಎಣ್ಣೆಗಾಯಿ ಮಾಡಿ ಗೌರಮ್ಮನವರಿಗೂ ಬಡಿಸಿದೆ. ಬರಬರುತ್ತ ದಿಗಿಲು ಕಮ್ಮಿಯಾಯಿತು. ಹಾಗಾದರೆ ಅದು ಕಾಫಿಯದೋ, ಮಂಜಿನದೋ, ಒಂಟಿತನದ್ದೋ? ತಿಳಿಯಲಿಲ್ಲ. ಊರು ಸೇರಿದರೆ ಪೂರ್ತಿ ಹೋಗುತ್ತದೆ ಎಂದು ಮಾತ್ರ ನಂಬಿದ್ದೆ.

ಬೇಸಿಗೆ ರಜೆಗೆ ಹೋದೆ. ಅವ್ವನ ಪಕ್ಕ ಊಟಕ್ಕೆ ಕೂತಾಗಲೇ ಎದೆ ಹೊಡೆದುಕೊಂಡಿತು. ಈ ಸಲ ಮುಚ್ಚಿಡದೆ ಹೇಳಿದೆ. ಅವ್ವ ಕೈ ಹಿಡಿದುಕೊಂಡಳು. “ಮನಿಗೆ ಬಂದೀಯಲ್ಲ, ಇನ್ಯಾಕ ಅಂಜತಿ? ಆ ನೌಕರಿ ಬಿಟ್ಟು ಇಲ್ಲೇ ಬಂದುಬಿಡು.”

ವರ್ಷವೆಲ್ಲ ಆ ಮಾತಿಗಾಗಿ ಕಾದಿದ್ದೆ. ಬಾಯಿಂದ ಬಂದದ್ದು, “ಬ್ಯಾಡವ್ವ.”

“ಯಾಕ?”

“ಇಲ್ಲೂ ಬಂತಲ್ಲವ್ವ ಅದು. ಬಂದಾಗ ಓಡಬ್ಯಾಡ ಅಂದಾರ ಡಾಕ್ಟರು.”

 ಇನ್ನೂ ಉಳಿದರೆ ಅವ್ವನ ಮಾತಿಗೆ ಒಪ್ಪಿಬಿಡುತ್ತೇನೆಂದು ರಜೆ ಮುಗಿಯುವ ಮೊದಲೇ ಹೊರಟೆ. ಬಸ್ಸು ಸಿಂದಗಿ ದಾಟುವಾಗ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.