ಉಂಡೆ ಎಣಿಸುವ ದೊಡ್ಡಮ್ಮ

ಬೆಕ್ಕಿನ ಉಚ್ಚೆಯ ಮಾತೆತ್ತಿದರೆ ಮೂಗು ಮುಚ್ಚಿಕೊಳ್ಳುವವರು ಇಲ್ಲಿಂದಲೇ ಎದ್ದು ಹೋಗಬಹುದು. ಈ ಕಥೆಯಲ್ಲಿ ಬೇರೇನೂ ಇಲ್ಲ. ಒಬ್ಬ ಹೆಂಗಸು ಹನ್ನೊಂದು ವರ್ಷ ಬೆಕ್ಕುಗಳ ಉಚ್ಚೆ ಎಣಿಸಿದಳು, ಆಮೇಲೆ ಎಣಿಸುವುದನ್ನು ಬಿಟ್ಟಳು, ಅಷ್ಟೆ.

ಅವಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಪರವೂರಿಗೆ ಹೋಗುವವರು ತಮ್ಮ ಬೆಕ್ಕುಗಳನ್ನು ಬಿಟ್ಟುಹೋಗುವ ಹಾಸ್ಟೆಲೊಂದರಲ್ಲಿ ಅವಳ ಕೆಲಸ. ಎರಡಂತಸ್ತಿನ ಮನೆಯ ಕೆಳಭಾಗ ಅದು. ಉದ್ದನೆಯ ಹಜಾರದ ಎರಡೂ ಬದಿಗೆ ಜಾಲರಿ ಬಾಗಿಲಿನ ಹದಿನಾಲ್ಕು ಗೂಡುಗಳು. ಒಂದೊಂದರಲ್ಲೂ ಒಂದು ಹಲಗೆ, ಒಂದು ಕಂಬಳಿ ತುಂಡು, ನೀರಿನ ಬಟ್ಟಲು, ಮೂಲೆಯಲ್ಲಿ ಬೆಕ್ಕು ಉಚ್ಚೆ ಹೊಯ್ಯಲೆಂದು ಮಣ್ಣು ತುಂಬಿದ ಲಿಟರ್ ಟ್ರೇ. ಬೆಳಿಗ್ಗೆ ಸಂಜೆ ಆ ಹದಿನಾಲ್ಕು ಟ್ರೇಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ತೂತಿನ ಸೌಟಿನಿಂದ ಗಲೀಜು ಎತ್ತಬೇಕು. ಮೊಣಕಾಲು ಹಿಡಿದುಕೊಂಡ ಅರವತ್ತರ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರು ಕೊಡುತ್ತಾರೆ ಹೇಳಿ!

ಇದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವಳು ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಮಲಗಿದಲ್ಲೇ ಇದ್ದ ರೋಗಿಗಳ ಪಾತ್ರೆ ಎತ್ತುವ ಕೆಲಸ. ಬೆಳಗಾದರೆ ನರ್ಸು ಬಂದು, "ಮೂರನೇ ಮಂಚದವರಿಗೆ ಎಷ್ಟಾಯ್ತು?" ಎಂದು ಕೇಳುತ್ತಿದ್ದಳು. ದೊಡ್ಡಮ್ಮ ಅಳೆದು ಹೇಳುತ್ತಿದ್ದಳು. ಅದನ್ನು ಕೇಳಿಕೊಂಡು ಡಾಕ್ಟರು ಔಷಧಿ ಬದಲಾಯಿಸುತ್ತಿದ್ದರು. ಓದು ಬರಹ ನಾಲ್ಕನೇ ಕ್ಲಾಸಿಗೆ ಮುಗಿಸಿದವಳ ಮಾತಿನ ಮೇಲೆ ಅಷ್ಟು ದೊಡ್ಡ ಡಾಕ್ಟರು ನಡೆಯುತ್ತಾರೆ ಎನ್ನುವುದು ಅವಳ ತಲೆಗೆ ಏರಿತ್ತು. ಏರಲಿ ಬಿಡಿ, ಅವಳ ಬಾಳಿನಲ್ಲಿ ತಲೆಗೇರುವಂಥದ್ದು ಬೇರೆ ಏನಿತ್ತು? ಗಂಡ ಚಿಕ್ಕ ವಯಸ್ಸಿನಲ್ಲೇ ಹೋದ. ಇದ್ದೊಬ್ಬ ಮಗಳ ಮನೆಯಲ್ಲಿ ವಾಸ. ಅಳಿಯ ಕೆಟ್ಟವನಲ್ಲ, ಆದರೆ ದಿನಾ ಸಂಜೆ ಅವಳು ಬಾಗಿಲಿಗೆ ಬರುತ್ತಲೇ, "ಅತ್ತೆ, ಚಪ್ಪಲಿ ಆಚೇನೇ ಬಿಡಿ, ಆ ಮಣ್ಣೆಲ್ಲ ಮಂಚದ ತನಕ ಬರುತ್ತೆ" ಎನ್ನುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಎಣಿಸುವ ಆ ಬುದ್ಧಿಯನ್ನು ಅವಳು ಬೆಕ್ಕುಗಳ ಹತ್ತಿರವೂ ತಂದಳು. ಹಾಸ್ಟೆಲಿನಲ್ಲಿ ಆಗ ಬಳಸುತ್ತಿದ್ದದ್ದು ಒದ್ದೆಯಾದರೆ ಗಟ್ಟಿಯಾಗಿ ಉಂಡೆ ಕಟ್ಟುವ ಸಣ್ಣ ಬೂದು ಮಣ್ಣು. ಬೆಕ್ಕು ಒಂದು ಸಲ ಹೋದರೆ ಒಂದು ಉಂಡೆ. ಎರಡು ಸಲ ಹೋದರೆ ಎರಡು. ನಿಂಬೆಹಣ್ಣಿನ ಗಾತ್ರ ಇದ್ದರೆ ಸರಿ, ಗೋಲಿ ಗಾತ್ರದ್ದು ಆರೇಳು ಬಿದ್ದಿದ್ದರೆ ಎಲ್ಲೋ ಉರಿ ಇದೆ ಎಂದರ್ಥ, ಕಿತ್ತಳೆಯಷ್ಟು ದೊಡ್ಡದಾದರೆ ಮುದಿ ಬೆಕ್ಕಿನ ಮೂತ್ರಪಿಂಡ ಸೋತಿದೆ. ಒಂದೂ ಇಲ್ಲದಿದ್ದರೆ, ಅದೂ ಗಂಡು ಬೆಕ್ಕಾಗಿದ್ದರೆ, ಊಟ ತಿಂಡಿ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು. ಪ್ರತಿ ಗೂಡಿನ ಬಾಗಿಲಿಗೂ ಒಂದು ಹಾಳೆ ನೇತುಹಾಕಿ, ಅದರಲ್ಲಿ ದಿನವೂ ಅಂಕಿ ಬರೆಯುತ್ತಿದ್ದಳು. ಹಾಗೆ ಅವಳಿಂದ ಜೀವ ಉಳಿದ ಬೆಕ್ಕುಗಳು ನಾಲ್ಕೋ ಐದೋ ಇದ್ದವು. ಬಂದವರೆಲ್ಲ ಅವಳನ್ನು ಉಂಡೆ ದೊಡ್ಡಮ್ಮ ಎಂದು ರೇಗಿಸುತ್ತಿದ್ದರು. ಅವಳಿಗೆ ಅದರಿಂದ ಬೇಸರವಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಗುತ್ತಿತ್ತು.

ಟ್ರೇಗೆ ತುಂಬುವ ಲಿಟರ್ ಯಾವುದು ತರಬೇಕು ಎಂದು ಜನ ಅವಳನ್ನೇ ಕೇಳುತ್ತಿದ್ದರು. ಆಪರೇಷನ್ ಆದ ಬೆಕ್ಕಿಗೆ ಹರಿದ ಕಾಗದವೇ ಸರಿ, ಗಾಯಕ್ಕೆ ಮಣ್ಣು ಮೆತ್ತಬಾರದು. ಮರಿಗಳಿಗೆ ಉಂಡೆ ಕಟ್ಟುವ ಮಣ್ಣು ಬೇಡ, ತಿಂದುಬಿಡುತ್ತವೆ. ಮರದ ಹೊಟ್ಟಿನ ಗುಳಿಗೆ ಅಗ್ಗ, ಆದರೆ ಮೆತ್ತಗಿನ ಅಂಗಾಲಿನ ಬೆಕ್ಕು ಅದರ ಮೇಲೆ ಕಾಲೇ ಇಡುವುದಿಲ್ಲ. ಘಮಘಮ ಎನ್ನುವುದನ್ನಂತೂ ಮನೆ ಬಾಗಿಲಿಗೂ ಸೇರಿಸಬೇಡಿ. "ನಿಮ್ಮ ಮೂಗಿಗೆ ಚೆನ್ನಾಗಿರೋದಲ್ಲ ಸ್ವಾಮಿ ಮುಖ್ಯ. ಅಲ್ಲಿ ಕೂರೋದು ನೀವಾ, ಅದಾ?" ಎಂದು ಎಂಥವರ ಮುಖಕ್ಕೂ ಹೇಳಿಬಿಡುತ್ತಿದ್ದಳು.

ಹೀಗೆ ಹೇಳಿಸಿಕೊಂಡವರಲ್ಲಿ ಒಬ್ಬ ದರ್ಜಿ. ಐವತ್ತೈದು ದಾಟಿದವನು, ಒಂಟಿ ಜೀವ, ಅಂಗಡಿಯ ಹಿಂದಿನ ಕೋಣೆಯಲ್ಲೇ ಮನೆ. ಅವನ ಬೆಕ್ಕು ಬಿಳಿ ಎದೆಯ ದಪ್ಪ ಕರಿ ಗಂಡು, ಹೆಸರು ಸಾಹೇಬ. ಹೊಲಿಯಲು ಕೊಟ್ಟ ಬಟ್ಟೆಗಳ ಮೇಲೆಲ್ಲ ಸಾಹೇಬ ಉಚ್ಚೆ ಹೊಯ್ಯಲು ಶುರು ಮಾಡಿ, ಗಿರಾಕಿಗಳು ಬಾಯಿಗೆ ಬಂದಂತೆ ಬೈದು, ಇನ್ನು ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡುವುದೇ ಎಂದು ಅವನು ಕಣ್ಣೀರು ತುಂಬಿಕೊಂಡು ಬಂದಿದ್ದ. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಯಾವ ಲಿಟರ್ ಹಾಕ್ತಿದೀರಾ?"

"ಗುಲಾಬಿ ವಾಸನೇದು. ಅಂಗಡಿ ನಾರಬಾರದು ಅಂತ."

"ಹಾಗಾದ್ರೆ ಆ ಗುಲಾಬಿ ನೀವೇ ಮುಡ್ಕೊಳ್ಳಿ. ಅವನಿಗೆ ವಾಸನೆ ಇಲ್ಲದ ಮಣ್ಣು ತಂದು ಹಾಕಿ."

ವಾರದೊಳಗೆ ಎಲ್ಲ ಸರಿಹೋಯಿತು. ಅಂದಿನಿಂದ ದರ್ಜಿಗೆ ದೊಡ್ಡಮ್ಮ ಎಂದರೆ ದೊಡ್ಡಮ್ಮ! "ನಿಮ್ಮ ತಲೇಲಿ ನನಗಿಂತ ಜಾಸ್ತಿ ಬೆಳ್ಳಿ ಕೂದಲಿದೆ, ನಾನು ದೊಡ್ಡಮ್ಮ ಅಂತೆ" ಎಂದು ಅವಳು ನಗುತ್ತಿದ್ದಳು. ಅವನೂ ಮನೆಯಲ್ಲಿ ಉಂಡೆ ಎಣಿಸಲು ಕಲಿತ. ದಿನಕ್ಕೆ ಮೂರು, ಒಂದು ದಿನವೂ ಹೆಚ್ಚುಕಮ್ಮಿ ಇಲ್ಲ ಎಂದು ದಾರಿಯಲ್ಲಿ ಸಿಕ್ಕಾಗಲೆಲ್ಲ ವರದಿ ಒಪ್ಪಿಸುತ್ತಿದ್ದ.

ಹೀಗಿರುವಾಗ ಹಾಸ್ಟೆಲಿನ ಒಡತಿಗೆ, ಅಂದರೆ ಮೇಡಂಗೆ, ಹೊಸ ಜ್ಞಾನೋದಯವಾಯಿತು. ಮಣ್ಣಿನಿಂದ ಧೂಳು ಏಳುತ್ತದೆ, ಗಿರಾಕಿಗಳಿಗೆ ಕಳಿಸುವ ಫೋಟೋದಲ್ಲಿ ಟ್ರೇಗಳು ಕೊಳಕಾಗಿ ಕಾಣುತ್ತವೆ ಎಂದು ಒಂದು ದಿನ ಚೀಲಗಟ್ಟಲೆ ಹರಳು ತರಿಸಿದಳು. ಬೆಳ್ಳಗೆ, ಕಲ್ಲುಸಕ್ಕರೆ ಪುಡಿ ಮಾಡಿದಂಥ ಹರಳು. ಒದ್ದೆಯನ್ನು ಒಳಗೇ ಹೀರಿಕೊಳ್ಳುತ್ತದೆ, ವಾಸನೆ ಇಲ್ಲ, ದಿನಾ ಒಮ್ಮೆ ಕಲಸಿದರೆ ಸಾಕು, ತಿಂಗಳಿಡೀ ಬದಲಾಯಿಸಬೇಕಿಲ್ಲ.

"ಇದರಲ್ಲಿ ಉಂಡೆ ಕಟ್ಟಲ್ಲ ಮೇಡಂ. ನಾನು ಎಣಿಸೋದು ಹೇಗೆ?"

"ಎಣಿಸಿ ಏನ್ಮಾಡ್ತೀರಾ ದೊಡ್ಡಮ್ಮ, ಬ್ಯಾಂಕಿಗೆ ಕಟ್ಟಬೇಕಾ?" ಎಂದು ಮೇಡಂ ನಕ್ಕಳು. "ಹಳದಿ ಬಣ್ಣ ಬಂದಿದ್ರೆ ಹೋಗಿದೆ ಅಂತ ಅರ್ಥ. ಅಷ್ಟು ಸಾಕು."

ಬಾಗಿಲಿನ ಹಾಳೆಗಳೂ ಬದಲಾದವು. ಅಂಕಿ ಬರೆಯುವ ಜಾಗದಲ್ಲಿ ಪುಟ್ಟ ಚೌಕ ಬಂತು, ಅದರೊಳಗೆ ಸರಿ ಗುರುತು ಹಾಕಿದರೆ ಮುಗಿಯಿತು. ಒಂದು ಬೆಕ್ಕು ಹೋಗಿ ಇನ್ನೊಂದು ಬರುವಾಗ ಟ್ರೇ ತೊಳೆದು ಹೊಸದು ತುಂಬುವುದು ದೊಡ್ಡಮ್ಮನ ಪದ್ಧತಿ. ಅದಕ್ಕೂ ಕಲ್ಲು ಬಿತ್ತು. "ತಿಂಗಳು ಬಾಳೋ ಹರಳನ್ನ ಮೂರು ದಿನಕ್ಕೆ ಯಾರಾದ್ರೂ ಬಿಸಾಕ್ತಾರಾ? ಕಲಸಿಡಿ, ಮೇಲೆ ಬೆಳ್ಳಗಾಗುತ್ತೆ." ದೊಡ್ಡಮ್ಮ ಎರಡು ದಿನ ಗೊಣಗಿದಳು, ಮೂರನೇ ದಿನ ಸುಮ್ಮನಾದಳು. ಇನ್ನೊಂದು ಮಾತೂ ಹೇಳಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ. ಮಣ್ಣಿನ ಚೀಲ ಎತ್ತುವುದು ತಪ್ಪಿ ಅವಳ ಮೊಣಕಾಲಿಗೆ ಸುಖವಾಗಿತ್ತು. ಧೂಳಿಲ್ಲದ್ದರಿಂದ ಅಳಿಯನ ಬಾಯಿಯೂ ಮುಚ್ಚಿತ್ತು.

ದರ್ಜಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಸೋಮವಾರ ಸಂಜೆ ಸಾಹೇಬನನ್ನು ಬುಟ್ಟಿಯಲ್ಲಿ ಹೊತ್ತು ತಂದ. "ಐದೇ ದಿನ. ನೀವಿದೀರಲ್ಲ ಅಂತ ಧೈರ್ಯ. ಇಲ್ದಿದ್ರೆ ಕಣ್ಣು ಹೋದ್ರೆ ಹೋಗಲಿ ಅಂತ ಇದ್ದುಬಿಡ್ತಿದ್ದೆ" ಎಂದ. ದೊಡ್ಡಮ್ಮ ಸಾಹೇಬನನ್ನು ಆರನೇ ಗೂಡಿಗೆ ಬಿಟ್ಟಳು. ಹಿಂದಿನ ದಿನವಷ್ಟೇ ಅಲ್ಲಿಂದ ಒಂದು ಜೂಲು ಬೆಕ್ಕು ಹೋಗಿತ್ತು. ಅದರ ಹರಳು ಟ್ರೇಯಲ್ಲೇ ಇತ್ತು.

ಮಂಗಳವಾರ ಬೆಳಿಗ್ಗೆ ಕಲಸಿದಳು. ಕೆಳಗಿನಿಂದ ಹಳದಿ ಹರಳು ಮೇಲೆ ಬಂತು. ಸರಿ ಗುರುತು ಹಾಕಿದಳು. ಬುಧವಾರವೂ ಕಲಸಿದಳು, ಹಳದಿ ಬಂತು, ಗುರುತು ಬಿತ್ತು. ಸಾಹೇಬ ಊಟ ಮುಟ್ಟಿರಲಿಲ್ಲ. ಹೊಸ ಜಾಗ, ಮುನಿಸಿಕೊಂಡಿದ್ದಾನೆ ಎಂದುಕೊಂಡಳು. ಆ ವಾರ ಹದಿನಾಲ್ಕು ಗೂಡೂ ಭರ್ತಿಯಾಗಿತ್ತು, ನಿಂತು ಯೋಚಿಸಲು ಪುರುಸೊತ್ತಿರಲಿಲ್ಲ. ಆ ಹಳದಿ ಸಾಹೇಬನದಲ್ಲ, ಹೋದ ಬೆಕ್ಕಿನದು ಎಂದು ಹೊಳೆಯಲು ಎಷ್ಟು ಹೊತ್ತು ಬೇಕು? ಒಂದು ಗಳಿಗೆ. ಆ ಒಂದು ಗಳಿಗೆ ಎರಡು ದಿನದಲ್ಲಿ ಅವಳಿಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಸಾಹೇಬ ಟ್ರೇಯಲ್ಲಿ ಮುದುರಿ ಕೂತು ತಿಣುಕುತ್ತಿದ್ದ. ಗಂಟಲಿನಿಂದ ಬೆಕ್ಕಿನದಲ್ಲದ ಒಂದು ಸ್ವರ ಬರುತ್ತಿತ್ತು. ಎತ್ತಿಕೊಂಡು ಹೊಟ್ಟೆ ಮುಟ್ಟಿದಳು, ಕಲ್ಲಿನ ಹಾಗಿತ್ತು. ಮೇಡಂಗೆ ಫೋನು ಮಾಡಿದರೆ, "ನಮ್ಮ ಡಾಕ್ಟರು ನಾಲ್ಕು ಗಂಟೆಗೆ ಬರ್ತಾರಲ್ಲ, ತೋರಿಸೋಣ" ಎಂದಳು. ದೊಡ್ಡಮ್ಮ ಫೋನು ಇಟ್ಟು, ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು, ಕುಂಟುತ್ತಲೇ ಮೂರು ಬೀದಿ ಆಚೆಯ ಪ್ರಾಣಿ ಡಾಕ್ಟರ ಹತ್ತಿರ ಓಡಿದಳು.

"ದಾರಿ ಪೂರ್ತಿ ಕಟ್ಕೊಂಡಿದೆ. ಎರಡು ದಿನದಿಂದ ಒಂದು ಹನಿ ಹೋಗಿಲ್ಲ" ಎಂದರು ಡಾಕ್ಟರು. "ವಿಷ ರಕ್ತಕ್ಕೆ ಏರಿದೆ. ಯಾರು ನೋಡ್ಕೋತಿದ್ರು ಇದನ್ನ?"

"ನಾನೇ" ಎಂದಳು ದೊಡ್ಡಮ್ಮ. ಡಾಕ್ಟರು ನಳಿಕೆ ಹಾಕುತ್ತಿರುವಾಗಲೇ ಸಾಹೇಬ ಮೇಜಿನ ಮೇಲೆ ಕಾಲು ಚಾಚಿ ಪ್ರಾಣ ಬಿಟ್ಟ.

ಶನಿವಾರ ದರ್ಜಿ ಬಂದ. ಬಲಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ, ಕೈಯಲ್ಲಿ ಖಾಲಿ ಬುಟ್ಟಿ. ಮೇಡಂ ಅವನನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, ಮೆತ್ತಗಿನ ದನಿಯಲ್ಲಿ ವಿಷಯ ತಿಳಿಸಿದಳು. ಇದ್ದಕ್ಕಿದ್ದಂತೆ ಹೃದಯ ನಿಂತುಹೋಯಿತಂತೆ. ಸುಳ್ಳೇನಲ್ಲ ಬಿಡಿ, ಯಾರ ಹೃದಯ ಕೊನೆಗೆ ನಿಲ್ಲುವುದಿಲ್ಲ? ಆಮೇಲೆ ಆರನೇ ಗೂಡಿನ ಹಾಳೆ ತಂದು ಅವನ ಮುಂದೆ ಹಿಡಿದಳು. "ನೋಡಿ, ಬುಧವಾರದ ತನಕ ಎಲ್ಲ ಸರಿಯಾಗಿತ್ತು. ನಮ್ಮ ದೊಡ್ಡಮ್ಮನ ಕೈಬರಹ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರು, ಅವರ ಕಣ್ಣು ತಪ್ಪಿಸೋಕೆ ಆಗುತ್ತಾ?"

ದರ್ಜಿ ಹಾಳೆ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮನ ಕಡೆ ತಿರುಗಿದ.

"ನೀವು ಹೇಳಿ ದೊಡ್ಡಮ್ಮ. ಸರಿಯಾಗಿ ಹೋಗ್ತಿದ್ನಾ?"

ಮೇಡಂ ಅವಳನ್ನೇ ನೋಡುತ್ತಿದ್ದಳು. ದೊಡ್ಡಮ್ಮನ ಕಣ್ಣ ಮುಂದೆ ಅಳಿಯನ ಮನೆಯ ಬಾಗಿಲು ಬಂತು, ದಿನವಿಡೀ ಅಲ್ಲಿ ಕೈಕಟ್ಟಿ ಕೂರುವುದು ಬಂತು.

"ಹೂಂ" ಎಂದಳು.

"ಎಷ್ಟು?"

"ಮೂರು."

ಮೂವತ್ತಮೂರು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಲೆಕ್ಕ ಅದು. ದರ್ಜಿಯ ಭುಜ ಸಡಿಲವಾಯಿತು. "ಮನೇಲೂ ಮೂರೇ" ಎಂದ. "ಹಾಗಾದ್ರೆ ನೋವು ತಿಂದಿರಲ್ಲ. ಅವನ ಆಯಸ್ಸೇ ಅಷ್ಟು." ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ಕೊನೇಲಿ ನೀವು ಹತ್ತಿರ ಇದ್ರಲ್ಲ, ಅದೇ ದೊಡ್ಡ ಸಮಾಧಾನ. ನಿಮ್ಮ ಋಣ ತೀರಿಸೋಕಾಗಲ್ಲ ನನ್ನ ಕೈಲಿ." ಬುಟ್ಟಿ ಎತ್ತಿಕೊಂಡು ಹೋದ.

ಮೇಡಂ ಹಾಳೆ ಮಡಚುತ್ತಾ, "ಪಾಪ, ಒಳ್ಳೇ ಮನುಷ್ಯ" ಎಂದಳು. ಆ ಮಾತು ಕೇಳಿದ್ದೇ ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ದರ್ಜಿ ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಕೈ ಹಿಡಿದು ಉಪಕಾರ ನೆನೆದರೆ ಹೇಗೆ ತಡೆಯುವುದು? ಬರಿಗಾಲಿನಲ್ಲೇ ಬೀದಿಗೆ ಓಡಿದಳು. ದರ್ಜಿ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತಿದ್ದ. ಏದುಸಿರು ಬಿಡುತ್ತಾ ಎಲ್ಲ ಹೇಳಿಬಿಟ್ಟಳು. ಹರಳು, ಹಿಂದಿನ ಬೆಕ್ಕಿನ ಹಳದಿ, ನೋಡದೆ ಹಾಕಿದ ಗುರುತು, ಗುರುವಾರ ಬೆಳಿಗ್ಗೆ ಸಾಹೇಬ ಕೂಗುತ್ತಿದ್ದ ಸ್ವರ, ಒಂದನ್ನೂ ಬಿಡಲಿಲ್ಲ.

ದರ್ಜಿ ಕಂಬ ಬಿಟ್ಟು ನೆಟ್ಟಗೆ ನಿಂತ.

"ಎರಡು ದಿನ ಒದ್ದಾಡಿದ್ನಾ?"

"ಹೂಂ."

"ಮೂರು ಅಂದ್ರಲ್ಲ."

"ಎಣಿಸಿರಲಿಲ್ಲ. ತಪ್ಪಾಯ್ತು. ನಿಮ್ಮ ಕಾಲು ಹಿಡ್ಕೋತೀನಿ."

"ಒಳಗೆ ಕೇಳಿದಾಗ ಹೇಳಿದ್ರೆ ಅಲ್ಲೇ ಕೂಗಾಡಿ, ಅವರಿಗೂ ನಿಮಗೂ ಉಗಿದು ಬರ್ತಿದ್ದೆ" ಎಂದ ದರ್ಜಿ. ದನಿ ಏರಿಸಲಿಲ್ಲ. "ಅಲ್ಲಿ ಕೆಲಸ ಉಳಿಸ್ಕೊಂಡ್ರಿ. ಇಲ್ಲಿ ಬಂದು ಮನಸ್ಸು ಹಗುರ ಮಾಡ್ಕೋತಿದೀರಿ. ಎರಡೂ ನಿಮಗೇ ಬೇಕಾ? ಅವನು ನೋವಿಲ್ಲದೆ ಹೋದ ಅಂತ ಈಗಷ್ಟೇ ಸಮಾಧಾನ ಮಾಡ್ಕೊಂಡಿದ್ದೆ. ಅದನ್ನೂ ಕಿತ್ಕೊಂಡ್ರಲ್ಲ ದೊಡ್ಡಮ್ಮ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಎರಡು ವಾರ ಅಳಬಾರದು ಅಂದಿದಾರೆ ಡಾಕ್ಟ್ರು" ಎಂದು ಅವನು ಮುಖ ಆಚೆ ತಿರುಗಿಸಿದ. ಬುಟ್ಟಿ ಹಿಡಿದೇ ಇನ್ನೊಂದು ಕೈಯಿಂದ ಕಣ್ಣಿನ ಮುಚ್ಚಳ ಒತ್ತಲು ನೋಡಿದ. ದೊಡ್ಡಮ್ಮ ಬುಟ್ಟಿಗೆ ಕೈಚಾಚಿದಳು, ಅವನು ಬೇಡವೆನ್ನಲಿಲ್ಲ. ಎರಡೂ ಕೈಗಳಿಂದ ಕಣ್ಣಿನ ಮುಚ್ಚಳವನ್ನು ಒತ್ತಿ ಹಿಡಿದುಕೊಂಡು ನಿಂತ. ಬಸ್ಸು ಬರಲು ಕಾಲು ಗಂಟೆ ಹಿಡಿಯಿತು. ಬಂದ ಮೇಲೆ ಅವಳ ಕೈಯಿಂದ ಬುಟ್ಟಿ ಇಸಿದುಕೊಂಡು, ಅವಳ ಮುಖ ನೋಡದೆ ಹತ್ತಿದ.