ಖಾನನ ಬೆನ್ನು ಕಾಯುವಾಕೆ

ಬೆಳಕು ಇನ್ನೂ ಬೆಟ್ಟದ ಆಚೆಗೇ ಇದೆ. ಸಾರಿಕೊಪುರೊ ನಗರ ರಂಗಮಂದಿರದ ನೆಲಮಾಳಿಗೆಯಲ್ಲಿ ಬುರುಲ್ಚಾ ಕೆಂಪು ಮಖಮಲ್ಲಿನ ಚಾಪಾನೊಂದನ್ನು ಮೇಜಿನ ಮೇಲೆ ಬೋರಲು ಹಾಕಿಕೊಂಡು ಅದರ ಬೆನ್ನು ಹೊಲಿಯುತ್ತಿದ್ದಾರೆ. ಪಕ್ಕದಲ್ಲಿ ಹಾಲು ಹಾಕಿದ ಚಹಾ, ನಿನ್ನೆ ಕರಿದ ಬೊರ್ಸೋಕ್. ಈ ನಿಲುವಂಗಿಯ ಬೆನ್ನಿಗೆ ಇಷ್ಟು ದಿನ ಹೊಲಿಗೆಯೇ ಇರಲಿಲ್ಲ, ಬರೀ ಕೊಕ್ಕೆ. ನಾಟಕದ ಎರಡನೇ ಅಂಕದಲ್ಲಿ ನಾಡಿನ ದೊರೆ ಖಾನ್ ಸಾಯುತ್ತಾನೆ. ಅದೇ ನಟ ಮರುಕ್ಷಣ ಕುರುಬನಾಗಿ ಬರಬೇಕು. ಹಿಂದಿನಿಂದ ಎಳೆದರೆ ಖಾನ್ ಇಡಿಯಾಗಿ ಕಳಚಿಕೊಳ್ಳುತ್ತಾನೆ.

"ಇಬ್ಬರು ನಟರನ್ನ ಇಟ್ಕೊಳ್ಳೋಕೆ ನಗರಸಭೆ ಕೈಲಾಗಲ್ಲ. ಅದಕ್ಕೇ ಕೊಕ್ಕೆ," ಎನ್ನುತ್ತಾರೆ.

ನಗರಸಭೆ ಸಂಬಳ ಕೊಡುತ್ತದೆ, ಚಳಿಗಾಲಕ್ಕೆ ಕಲ್ಲಿದ್ದಲು ಕೊಡುತ್ತದೆ, ಬಟ್ಟೆಗೆ ಕೊಡುವುದಿಲ್ಲ. ಉಡುಪಿನವರ ಹುದ್ದೆ ಎಂದೋ ರದ್ದಾಯಿತು. ಮೂವತ್ತು ವರ್ಷ ಹೊಲಿದ ಬುರುಲ್ಚಾ ಸರ್ಕಾರದ ಲೆಕ್ಕದಲ್ಲಿ ನೆಲ ಒರೆಸುವಾಕೆ. ಒರೆಸುತ್ತಾರೆ ಕೂಡ, ದಿನಕ್ಕೆ ಆರು ಬಕೆಟ್. ಉಳಿದ ಹೊತ್ತಿನಲ್ಲಿ ರಾಜ್ಯಗಳನ್ನು ರಿಪೇರಿ ಮಾಡುತ್ತಾರೆ. ಊರಿಗೆಲ್ಲ ಆಕೆ 'ಎಜೆ', ಅಕ್ಕ.

ಹೋದ ವಸಂತದ ನೂರುಜ್ ಹಬ್ಬಕ್ಕೆ ರಾಜಧಾನಿ ಬಿಷ್ಕೆಕ್‌ನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ಅತಿಥಿಗಳಿಗೆ ಗೌರವವಾಗಿ ಹೊದಿಸಲು ತಂದಿದ್ದ ಚಾಪಾನುಗಳೆಲ್ಲ ಅವರ ಹಿಂದೆ ಬಂದವರಿಗೇ ಮುಗಿದುಹೋದವು. ನಗರಸಭೆಯ ಸಂಸ್ಕೃತಿ ವಿಭಾಗದ ಎಸೆನ್‌ಕುಲ್ ನೆಲಮಾಳಿಗೆಗೆ ಓಡಿ, ಕಣ್ಣಿಗೆ ಬಿದ್ದ ಖಾನನ ಚಾಪಾನನ್ನೇ ತಂದು ಹೆಗಲಿಗೆ ಹಾಕಿಬಿಟ್ಟ. ಅತಿಥಿ ಭಾಷಣಕ್ಕೆಂದು ಕೈ ಎತ್ತಿದರು. ಮೊದಲ ಕೊಕ್ಕೆ ಬಿಚ್ಚಿತು.

ಬುರುಲ್ಚಾ ವೇದಿಕೆ ಹತ್ತಿ, ಅವರ ಹಿಂದೆ ನಿಂತು, ಎರಡೂ ಕೈಯಿಂದ ಬೆನ್ನು ಹಿಡಿದುಕೊಂಡರು. ಜಿಲ್ಲೆಯ ಅಭಿವೃದ್ಧಿ ಪೂರ್ತಿ ಮುಗಿಯುವ ತನಕ ಹಿಡಿದೇ ಇದ್ದರು. ಜನ ಆಕೆಯನ್ನು ಅಂಗರಕ್ಷಕಿ ಎಂದುಕೊಂಡರು.

ಅತಿಥಿಯ ಹೆಗಲೇರಿದ ಚಾಪಾನನ್ನು ವಾಪಸು ಕೇಳುವಂತಿಲ್ಲ. ಆದರೆ ಶನಿವಾರ ನಾಟಕ. ಜನ ಬರುವುದು ಆ ಒಂದು ನಾಟಕಕ್ಕೆ. ಅದು ನಿಂತು ಕುರ್ಚಿಗಳು ಖಾಲಿಯಾದರೆ ನಗರಸಭೆಯ ಅನುದಾನವೂ ನಿಲ್ಲುತ್ತದೆ. ಬುರುಲ್ಚಾ ಅತಿಥಿಯ ಕಿವಿಯಲ್ಲಿ ಹೇಳಿದರು: "ಬೆನ್ನು ಹೊಲಿಯೋದು ಬಾಕಿ ಉಳಿದಿದೆ, ಅಣ್ಣಾ. ಹೀಗೇ ಹೋದ್ರೆ ಮರ್ಯಾದೆ ನಮ್ಮದು ಹೋಗುತ್ತೆ. ಬಿಟ್ಟು ಹೋಗಿ, ಹೊಲಿದು ಕೊಡ್ತೀನಿ."

ಬಿಟ್ಟು ಹೋದರು. ವರ್ಷವಿಡೀ ಅವರ ಕಚೇರಿಯಿಂದ ಫೋನು ಬಂದಾಗಲೆಲ್ಲ "ಹೊಲೀತಾ ಇದೀನಿ" ಎಂಬ ಉತ್ತರ. ಶನಿವಾರಗಳಂದು ಖಾನ್ ಅದರಲ್ಲೇ ಸಾಯುತ್ತ ಬಂದ. ಈಗ ಕೊಕ್ಕೆಗಳನ್ನು ಎಳೆದೆಳೆದು ಮಖಮಲ್ಲು ಹರಿದಿದೆ, ಇನ್ನೊಂದು ಸಾವು ತಡೆಯದು. ನಾಳೆ ಅತಿಥಿ ಮತ್ತೆ ಬರುತ್ತಿದ್ದಾರೆ. ನಾಟಕಕ್ಕೆ ಎಂದೂ ಹುಟ್ಟದ ದುಡ್ಡು ಸತ್ಕಾರದ ಬಾಬ್ತಿನಲ್ಲಿ ಹುಟ್ಟಿ, ಅವರಿಗೆಂದು ಹೊಸ ಮಖಮಲ್ಲು ಬಂದಿದೆ. ಅದೂ ಚಾಪಾನಾಗಿ ಗೋಡೆಯಲ್ಲಿ ತೂಗುತ್ತಿದೆ.

ಎಸೆನ್‌ಕುಲ್ ಮೆಟ್ಟಿಲಿಳಿದು ಬಂದು ಅದನ್ನು ತಿರುಗಿಸಿ ನೋಡುತ್ತಾನೆ. "ಎಜೆ, ಹೊಸದಕ್ಕೆ ಯಾಕೆ ಕೊಕ್ಕೆ? ಅದು ಅತಿಥಿದು."

"ಅತಿಥಿದು ಇಲ್ಲಿದೆ. ನೀನೇ ಹೊದಿಸಿದ್ದಲ್ವಾ?"

"ಹಳೇದು ಕೊಟ್ರೆ ನನ್ನ ಕೆಲಸ ಹೋಗುತ್ತೆ."

"ಹೆಗಲಿಗೆ ಹಾಕಿದ್ದನ್ನ ಅದಲುಬದಲು ಮಾಡೋ ಪದ್ಧತಿ ನಿಮ್ಮ ಮನೇಲಿದೆಯೇನಪ್ಪ? ನಿಮ್ಮಮ್ಮನ್ನ ಕೇಳ್ಕೊಂಡು ಬಾ."

ಅಮ್ಮನನ್ನು ಕೇಳುವ ಧೈರ್ಯ ಅವನಿಗಿಲ್ಲ. ಹಳೆಯದನ್ನು ತೊಟ್ಟು, ಕೈ ಎತ್ತಿ, ಬಗ್ಗಿ ನೋಡುತ್ತಾನೆ. ಹರಿದದ್ದೆಲ್ಲ ಒಳಮಡಿಕೆ ಸೇರಿ ಬೆನ್ನು ಕಲ್ಲಿನಂತಿದೆ. ಕೊಕ್ಕೆಗೆ ಆಗದಿದ್ದರೂ ಮನುಷ್ಯನಿಗೆ ಜೀವಮಾನಕ್ಕೆ ಸಾಕು. "ಹೊಸದು ನಾನು ನೋಡೇ ಇಲ್ಲ," ಎಂದು ಒಂದು ಬೊರ್ಸೋಕ್ ಬಾಯಿಗೆ ಹಾಕಿಕೊಂಡು ಹೊರಡುತ್ತಾನೆ.

ಖಾನನ ಚಿಂತೆ ಮುಗಿಯಿತು. ಇನ್ನೇನಾದರೂ ಆಸೆಯುಂಟೇ ಎಂದು ಕೇಳಿದರೆ ಬುರುಲ್ಚಾ ಹಲ್ಲಿನಿಂದ ದಾರ ಕಡಿಯುತ್ತಾರೆ.

"ಬರೋ ವರ್ಷದ ಅತಿಥಿ ಹೆಂಗಸಾದ್ರೆ ಒಳ್ಳೇದು. ನಮ್ಮ ರಾಣಿಗೆ ಉಡೋಕೆ ಏನೂ ಇಲ್ಲ."