ಎರಡನೆಯ ಗುಂಡು

ವರ್ನಾ ಟ್ಯಾಕೆಟ್ ಬೆಳಗ್ಗೆ ಅಂಗಡಿ ತೆರೆದು ಮಾಡುವ ಮೊದಲ ಕೆಲಸ, ಹಿತ್ತಲ ಗುರಿಹಲಗೆಗೆ ಹೊಸ ಕಾಗದ ಸಿಕ್ಕಿಸುವುದು. ಪೂರ್ವ ಕೆಂಟಕಿಯ ಈ ಬಂದೂಕಿನಂಗಡಿಯಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷ. ಕೊಳ್ಳಲು ಬಂದವರಿಂದ ಎರಡು ಗುಂಡು ಹೊಡೆಸುತ್ತಾಳೆ. ಮೊದಲನೆಯದನ್ನು ಅವಳು ನೋಡುವುದೇ ಇಲ್ಲ. ಬಂದೂಕಿನ ಒದೆತ ತಿಂದ ಕೈ ಎರಡನೆಯದನ್ನು ಎಲ್ಲಿಗೆ ಕಳಿಸುತ್ತದೆ ಎಂಬುದಷ್ಟೇ ಬೇಕು.

ಆ ಸೋಮವಾರ ಕೊರೀನ್ ಬಂದಳು, ಜೊತೆಗೆ ಅಣ್ಣ ಡ್ವೈಟ್. ಅವಳ ದವಡೆ ಮುರಿದು ಜೈಲು ಸೇರಿದ್ದ ಮಾಜಿ ಗಂಡ ಶುಕ್ರವಾರ ಹೊರಬರುವವನಿದ್ದ.

ವರ್ನಾ ಭಾರವಾದ ಉಕ್ಕಿನ ರಿವಾಲ್ವರಿಗೆ ಥರ್ಟಿ ಎಯ್ಟ್ ಎಂಬ ಸಾಧಾರಣ ಜೋರಿನ ಗುಂಡು ತುಂಬಿ ಕೊಟ್ಟಳು. ಕೊರೀನಳ ಎರಡೂ ಗುಂಡು ಅಂಗೈಯಗಲದೊಳಗೆ ಬಿದ್ದವು. ಡ್ವೈಟ್ ಕಾಗದದತ್ತ ತಿರುಗಲಿಲ್ಲ. 'ಹೆಂಗಸರಿಗೆ' ಎಂದು ಚೀಟಿ ಅಂಟಿಸಿದ ಗಾಜಿನ ಕಪಾಟಿನಲ್ಲಿದ್ದ ಪುಟ್ಟ ರಿವಾಲ್ವರ್ ತೋರಿಸಿದ. ಆ ಚೀಟಿಯನ್ನು ವರ್ನಾ ಎರಡು ಸಲ ಕಿತ್ತಿದ್ದಳು, ಮಾಲೀಕ ಎರಡು ಸಲವೂ ಮತ್ತೆ ಅಂಟಿಸಿದ್ದ.

"ಅದನ್ನ ಕೊಡಿ. ಅದಕ್ಕಿಂತ ಜೋರಿನ ಮ್ಯಾಗ್ನಂ ಗುಂಡೇ ಇರಲಿ."

"ಹಗುರ ಇದ್ದಷ್ಟೂ ಜಾಸ್ತಿ ಒದೀತದೆ ಕಣಪ್ಪ. ಆ ಗುಂಡಿನ ಜೋರು ತಡೆಯೋ ತೂಕ ಅದಕ್ಕಿಲ್ಲ. ಎಲ್ಲಾ ಇವಳ ಕೈಗೇ ಬೀಳೋದು."

"ಥರ್ಟಿ ಎಯ್ಟಲ್ಲಿ ನಮ್ಮಜ್ಜಿ ಹೆಗ್ಗಣ ಹೊಡೀತಿದ್ಲು, ಮೇಡಂ."

"ಹೆಗ್ಗಣ ಸಾಯ್ತಿತ್ತು ತಾನೇ?"

ಕೊರೀನ್ ನಕ್ಕಳು. "ಅಣ್ಣ, ನಂಗೆ ಆ ಭಾರದ್ದೇ ಸರಿಹೋಯ್ತು."

"ನೀನು ಸುಮ್ನಿರೇ. ಅವನು ಕೋಣನ ಹಂಗಿದಾನೆ. ಹೆಗ್ಗಣದ ಗುಂಡಿಗೆ ಬೀಳ್ತಾನಾ?"

"ಎರಡನೇ ಗುಂಡು ಚಾವಣಿಗೆ ಹೋದ್ರೆ, ಅದು ಎಷ್ಟು ಜೋರಾಗಿದ್ರೇನು?" ಎಂದಳು ವರ್ನಾ. "ಇಲ್ಲೇ ಎರಡು ಹೊಡೆಸಿ ನೋಡು."

"ಮನೇಲಿ ಹೊಡೆಸ್ತೀನಿ ಬಿಡಿ."

ಒಳಗಿನಿಂದ ಮಾಲೀಕ ಕೂಗಿದ: "ಗಿರಾಕಿ ಕೇಳಿದ್ದು ಕೊಡು ವರ್ನಾ." ಅವಳು ಕೊಟ್ಟಳು. ಮದುವೆಯಾದ ವರ್ಷ ವರ್ನಾಳ ಗಂಡನೂ ಅವಳಿಗೆ ಇಂಥದನ್ನೇ ತಂದಿದ್ದ. ಅವಳ ಬಲಗೈ ಹೆಬ್ಬೆರಳು ಅಂದಿನಿಂದ ಪೂರ್ತಿ ಮಡಚುವುದಿಲ್ಲ.

ಗುರುವಾರ ಕೊರೀನ್ ಒಬ್ಬಳೇ ಬಂದಳು. ಬಲಗೈಗೆ ಮೊಣಕೈವರೆಗೆ ಪಟ್ಟಿ. ಎಡಗೈಯಿಂದ ಗುಂಡಿನ ಡಬ್ಬಿ ಕೌಂಟರಿನ ಮೇಲಿಟ್ಟಳು. ಐವತ್ತರಲ್ಲಿ ಒಂದು ಇರಲಿಲ್ಲ.

"ಎರಡನೇದು?"

"ಎಲ್ಲಿ ಹೊಡೀಲಿ? ಮೊದಲನೇದಕ್ಕೇ ಕೈಯಿಂದ ಹಾರೋಯ್ತು. ಅಣ್ಣ ನಗ್ತಿದ್ದ."

ವರ್ನಾ ಉಕ್ಕಿನ ರಿವಾಲ್ವರನ್ನು ಖಾಲಿ ಮಾಡಿ ಅವಳ ಎಡಗೈಗಿಟ್ಟಳು. ಅದರ ಮೂತಿ ನೆಲಕ್ಕೆ ಬಾಗಿತು. ಮತ್ತೆ ಎತ್ತಿಸಿದಳು, ಮತ್ತೆ ಬಾಗಿತು.

ಪಟ್ಟಿ ಬಿಚ್ಚುವುದು ಆರು ವಾರದ ಮೇಲೆ ಎಂದಿದ್ದರು ಡಾಕ್ಟರು. ಅವನನ್ನು ಜೈಲಿನಿಂದ ಶುಕ್ರವಾರ ಬೆಳಗ್ಗೆ ಎಂಟಕ್ಕೆ ಬಿಟ್ಟರು.